ಅವಳಿಗೆ ಬಳೆ ಇಟ್ಟವಳು

ನಾಗರ ಪಂಚಮಿಗೆ ಇನ್ನೂ ಐದು ದಿನ ಇತ್ತು. ಸಿಂಧನೂರಿನ ನಮ್ಮ ಬಳೆ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಕೈಗೆ ಬಿಡುವಿರಲಿಲ್ಲ. ಗೊರೇಬಾಳ, ಮುಕ್ಕುಂದದ ಕಡೆಯ ಹೆಣ್ಣುಮಕ್ಕಳು ಆಟೋ ತುಂಬಿಕೊಂಡು ಬಂದು, ಚಾಪೆಯ ಮೇಲೆ ಸಾಲಾಗಿ ಕೂತು ಸರದಿ ಕಾಯುತ್ತಿದ್ದರು. ಭತ್ತದ ನಾಟಿ ಹಚ್ಚಿ ಬಂದ ಕೈಗಳು ನೀರು ಕುಡಿದು ಉಬ್ಬಿರುತ್ತವೆ. ಅಂಥ ಕೈಗೆ ಬಳೆ ಏರಿಸುವುದು ಕಷ್ಟ. ಬೆರಳುಗಳನ್ನು ಒಟ್ಟು ಮಾಡಿ, ಹೆಬ್ಬೆರಳಿನ ಬುಡವನ್ನು ಒಳಗೆ ಒತ್ತಿ, ಒಂದೊಂದಾಗಿ ಸರಿಸಬೇಕು. ಏರಿಸುವಾಗ ನೋವಾಯಿತೇ ಎಂದು ಕೇಳುತ್ತಿರಬೇಕು. ಅವ್ವನಿಂದ ನಾನು ಕಲಿತದ್ದು ಇದೊಂದೇ ಕೆಲಸ. ಓದಿದ ಪಿಯುಸಿ ಯಾವುದಕ್ಕೂ ಬರಲಿಲ್ಲ.

ಆ ದಿನ ನಾನು ಗೋರಂಟಿ ಬಣ್ಣದ ಇಳಕಲ್ ಸೀರೆ ಉಟ್ಟಿದ್ದೆ. ಎರಡೂ ಕೈ ತುಂಬ ಬಳೆ, ಹಣೆಗೆ ದೊಡ್ಡ ಕುಂಕುಮ, ಜಡೆಗೆ ಒಂದು ಮೊಳ ಮಲ್ಲಿಗೆ. ದಿನವೂ ಹಾಗೆಯೇ ಇರುತ್ತಿದ್ದೆ. ಎಂಟು ತಿಂಗಳು ಗಂಡನ ಮನೆಯಲ್ಲಿದ್ದು ತಿರುಗಿ ಬಂದವಳು ಯಾರಿಗೆ ತೋರಿಸಲು ಇಷ್ಟು ಸಿಂಗಾರ ಮಾಡಿಕೊಳ್ಳುತ್ತಾಳೆ ಎಂದು ಓಣಿಯವರು ಹನ್ನೆರಡು ವರ್ಷದಿಂದ ಮಾತಾಡಿಕೊಳ್ಳುತ್ತಿದ್ದರು. ಒಬ್ಬ ಅಕ್ಕಿ ವ್ಯಾಪಾರಿಯ ಹೆಸರು ಕೆಲವು ದಿನ ಓಡಾಡಿತು. ಆಮೇಲೆ ಒಬ್ಬ ಮಾಸ್ತರರ ಹೆಸರು ಬಂತು. ಸರಿಯಾದ ಹೆಸರು ಯಾರ ಬಾಯಿಗೂ ಬರಲಿಲ್ಲ. ಆ ಹೆಸರಿನವಳು ವಾರಕ್ಕೆ ಎರಡು ಸಲ ಮಸ್ಕಿಯಿಂದ ಬೈಕಿನಲ್ಲಿ ಬಂದು, ಎಲ್ಲರ ಕಣ್ಣೆದುರೇ ನಮ್ಮ ಅಂಗಡಿಯ ಮುಂದೆ ಇಳಿಯುತ್ತಿದ್ದಳು.

ಮಸ್ಕಿಯಲ್ಲಿ ಅವಳದು ಮೋಟಾರ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅಪ್ಪ ಸತ್ತ ಮೇಲೆ ಅಣ್ಣ ಬೇಡವೆಂದದ್ದನ್ನು ಅವಳು ಹಿಡಿದು ನಡೆಸಿದ್ದಳು. ಅಂಗಿ, ಪ್ಯಾಂಟು, ಕಿವಿಯ ಮೇಲಕ್ಕೆ ಕತ್ತರಿಸಿದ ಕೂದಲು. ಹದಿನೈದನೆಯ ವಯಸ್ಸಿನಲ್ಲಿ ಕೈಯ ಬಳೆ ತೆಗೆದಿಟ್ಟವಳು ಮತ್ತೆ ಇಟ್ಟುಕೊಂಡಿರಲಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಆಗಿ ಹನ್ನೊಂದು ವರ್ಷವಾಗಿತ್ತು.

ಆ ಮಧ್ಯಾಹ್ನ ಅವಳು ಬಂದಾಗ ಚಾಪೆಯ ಮೇಲೆ ಒಂಬತ್ತು ಹೆಂಗಸರಿದ್ದರು. ಗಿರಣಿ ಮಾಲೀಕರ ಹೆಂಡತಿ ನನ್ನೆದುರು ಕೈ ಚಾಚಿ ಕೂತಿದ್ದಳು. ನಮ್ಮ ದೊಡ್ಡ ಗಿರಾಕಿ, ಒಳ್ಳೆಯ ಮಾತುಗಾರ್ತಿ. ಬಾಗಿಲಲ್ಲಿ ನಿಂತವಳನ್ನು ಮೇಲಿಂದ ಕೆಳಗೆ ನೋಡಿದಳು.

"ಈ ತಮ್ಮಗೂ ಒಂದ್ ಡಜನ್ ಹಸಿರು ಬಳಿ ಇಡಸವ್ವ. ಹೆಣ್ಣೋ ಗಂಡೋ ಇವತ್ತ ಒಂದ್ ತೀರ್ಮಾನ ಆಗಿಬಿಡ್ಲಿ."

ಎಲ್ಲರೂ ನಕ್ಕರು. ಇಂಥ ಮಾತು ಹೊಸದಲ್ಲ. ಸಾಮಾನ್ಯವಾಗಿ ನಾನು ತಲೆ ತಗ್ಗಿಸಿ ಬಳೆ ಎಣಿಸುತ್ತಿದ್ದೆ. ಅವತ್ತು ಏನಾಯಿತೋ, ಒಂಬತ್ತು ಮುಖಗಳು ನನ್ನ ಕಡೆ ತಿರುಗಿದ್ದಕ್ಕೋ ಏನೋ, ನಾನೂ ಒಂದು ಮಾತು ಸೇರಿಸಿದೆ.

"ಈಕಿ ಸೈಜಿನ ಬಳಿ ಫಿರೋಜಾಬಾದಿನ್ಯಾಗೂ ಮಾಡಂಗಿಲ್ರಿ ಅಕ್ಕಾರ. ಎತ್ತಿನ ಕೋಡಿಗೆ ಹಾಕೂ ಅಣಸ ತರಸ್ಬೇಕಾಗತೈತಿ."

ಈ ಸಲ ನಗು ಇನ್ನೂ ಜೋರಾಯಿತು. ಒಬ್ಬಾಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನೂ ನಕ್ಕೆ.

ಬೇರೆಯವರು ಅಂದಾಗ ಅವಳು ತಿರುಗಿ ಒಂದು ಕೊಡುತ್ತಿದ್ದಳು, ಬಾಯಿ ಇಲ್ಲದವಳಲ್ಲ. ಅವತ್ತು ನೇರ ಒಳಗೆ ಪರದೆಯ ಹಿಂದೆ ಹೋಗಿ, ನಾನು ತೆಗೆದಿಟ್ಟಿದ್ದ ಎರಡು ರೊಟ್ಟಿ ತಿಂದು, ತಟ್ಟೆ ತೊಳೆದಿಟ್ಟಳು. ನೀರು ಕುಡಿಯುವ ನೆಪದಲ್ಲಿ ನಾನು ಒಳಗೆ ಹೋದೆ. ನಾಳೆ ಗೊರೇಬಾಳದ ಹತ್ತಿರ ಕಾಲುವೆಗೆ ಮೋಟಾರ್ ಇಳಿಸುವುದಿದೆ ಎಂದಳು. ನನ್ನ ಜಡೆಯಿಂದ ಜಾರಿದ್ದ ಮಲ್ಲಿಗೆಯನ್ನು ಮತ್ತೆ ಸಿಕ್ಕಿಸಿ, ಪಿನ್ನು ಸರಿ ಮಾಡಿದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು:

"ಭಾಳ ಚಂದ ನಕ್ಕಿ ನೀ."

ಸಿಟ್ಟು ಇರಲಿಲ್ಲ. ಹೊರಗೆ ಗಿರಾಕಿಗಳು ಕೂಗುತ್ತಿದ್ದರು, ಹೋದೆ.

ನನಗೆ ಸೀರೆ, ಹೂವು, ಬಳೆ ಇಷ್ಟ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಅವುಗಳನ್ನು ನಾನು ಅಡಗಿಕೊಳ್ಳಲು ಹಾಕಿಕೊಂಡೆ ಎಂದು ಯಾರಾದರೂ ತಿಳಿಯಬಹುದು. ನಾನು ಹಾಗೆ ಇರುವುದೇ ಅವಳಿಗೂ ಇಷ್ಟ. ಭಾನುವಾರ ನಾವು ಲಿಂಗಸುಗೂರಿಗೆ ಹೋಗುತ್ತಿದ್ದೆವು. ಅಲ್ಲಿ ಇಬ್ಬರ ಗುರುತೂ ಯಾರಿಗೂ ಇರಲಿಲ್ಲ. ಸೀರೆ ಅಂಗಡಿಯಲ್ಲಿ ಅವಳು ಗಾದಿಯ ಅಂಚಿಗೆ ಕೂತು, ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ಬೇಡವಾದದ್ದನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಅಂಗಡಿಯವನು ಅವಳಿಗೆ ಸಾಹೇಬ್ರ, ಸಾಹೇಬ್ರ ಎಂದು ಚಹಾ ತರಿಸುತ್ತಿದ್ದ. ಅವಳು ದನಿ ದಪ್ಪ ಮಾಡಿ, ಮೇಡಂಗೆ ಇನ್ನೊಂದು ತೋರಿಸಿ ಎನ್ನುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಬರುವವರೆಗೂ ನಾವು ನಗುತ್ತಿದ್ದೆವು. ಹೊಸ ಸೀರೆ ಉಟ್ಟ ದಿನ ನೆಲಕ್ಕೆ ಮಂಡಿಯೂರಿ ನಿರಿಗೆ ಹಿಡಿದು ಕೊಡುವವಳು ಅವಳೇ. ತಂತಿ ಸುತ್ತುವ ಬೆರಳಿಗೆ ನಿರಿಗೆ ಎಷ್ಟರ ಕೆಲಸ.

ನಾನು ಅಡಗಿಕೊಳ್ಳಲು ಹಾಕಿಕೊಳ್ಳಲಿಲ್ಲ, ಆದರೆ ಅಡಗಿಕೊಂಡದ್ದು ನಿಜ. ಕಲ್ಲು ಬೀಳುತ್ತಿದ್ದುದು ಅಂಗಿಯ ಮೇಲೆ. ಸೀರೆಯ ಮೇಲೆ ಒಂದೂ ಬೀಳಲಿಲ್ಲ.

ಒಮ್ಮೆ ರಾಯಚೂರಿನಲ್ಲಿ ನಮ್ಮಂಥವರು ಹದಿನೈದಿಪ್ಪತ್ತು ಮಂದಿ ಸೇರುತ್ತಾರೆಂದು ಅವಳು ಕರೆದುಕೊಂಡು ಹೋಗಿದ್ದಳು. ಪ್ಲಾಸ್ಟಿಕ್ ಕುರ್ಚಿ, ಉಪ್ಪಿಟ್ಟು, ಚಹಾ. ಹೆಚ್ಚಿನವರು ಅವಳ ಹಾಗೆಯೇ ಇದ್ದರು. ಒಬ್ಬ ಹುಡುಗಿ ನನ್ನ ಪಕ್ಕ ಬಂದು ಮರ್ಯಾದೆಯಿಂದ ಮಾತಾಡಿಸಿದಳು. ನೀವು ಇವರ ಅಕ್ಕನೇನು, ಮನೆಯವರು ಹೀಗೆ ಜೊತೆಗೆ ಬರುವುದು ಅಪರೂಪ ಎಂದಳು. ನನ್ನ ಕುಂಕುಮ ನೋಡಿ ಅಂದದ್ದು. ಓಣಿಯಲ್ಲಿ ಯಾರಿಗೂ ನಾನು ಕಾಣುತ್ತಿರಲಿಲ್ಲ, ಇಲ್ಲಿಯೂ ಕಾಣಲಿಲ್ಲ. ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅವಳು ಉಪ್ಪಿಟ್ಟಿನ ತಟ್ಟೆ ಹಿಡಿದೇ ಅಂದಳು, "ಅಕ್ಕ ಅಲ್ರಿ. ನನ್ನ ಹೇಂತಿ."

ತಿರುಗಿ ಬರುವ ಬಸ್ಸಿನಲ್ಲಿ ನಾನು ಜಗಳ ತೆಗೆದೆ. ಹಾಗೆ ನಾಲ್ಕು ಜನರ ಮುಂದೆ ಅನ್ನಬೇಡ ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಆಗಲಿ ಎಂದಳು. ಆಮೇಲೆ ಎಂದೂ ಅನ್ನಲಿಲ್ಲ.

ಪಂಚಮಿಗೆ ನಾಲ್ಕು ದಿನ ಇದ್ದಾಗ, ಗೊರೇಬಾಳದಿಂದ ಬಂದ ಒಬ್ಬ ಹೆಂಗಸಿಗೆ ನಾನು ಬಳೆ ಇಡಿಸುತ್ತಿದ್ದೆ. ಆಕೆ ಪಕ್ಕದವಳಿಗೆ ಊರ ಸುದ್ದಿ ಹೇಳುತ್ತಿದ್ದಳು. ತಮ್ಮ ಹೊಲದ ಕಡೆ ಬೆಳಿಗ್ಗೆ ಕರೆಂಟ್ ಹೊಡೆದು ಒಬ್ಬರು ಹೋದರು ಎಂದಳು. ಲೈನ್ ತೆಗೆದಿದೆ ಎಂದು ಹೇಳಿದ್ದರಂತೆ, ತೆಗೆದಿರಲಿಲ್ಲವಂತೆ. ಯಾರು ಎಂದು ಪಕ್ಕದವಳು ಕೇಳಿದಳು.

"ಆಕೀನ ಬೇ, ಮಸ್ಕಿ ಗಂಡುಬೀರಿ. ಮೋಟಾರಿನಾಕಿ."

ನನ್ನ ಕೈಯಲ್ಲಿ ಇನ್ನೂ ಐದು ಬಳೆ ಇದ್ದವು. ಐದನ್ನೂ ಇಟ್ಟು ಮುಗಿಸಿದೆ. ಆ ಕೈಯವಳು ಬಿಗಿಯಾಯಿತು ಎಂದಳು, ಎರಡು ದಿನದಲ್ಲಿ ಸಡಿಲಾಗುತ್ತದೆ ಎಂದೆ. ಆಮೇಲೆ ತಲೆನೋವೆಂದು ಹೇಳಿ ಅಂಗಡಿಯ ಬಾಗಿಲು ಎಳೆದೆ.

ಆಸ್ಪತ್ರೆಯ ಶವಾಗಾರದ ಮುಂದೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಮನೆಯವರನ್ನಷ್ಟೇ ಒಳಗೆ ಬಿಡುತ್ತಿದ್ದರು. ನೀವು ಏನಾಗಬೇಕು ಎಂದು ಒಬ್ಬ ಕೇಳಿದ. ಪರಿಚಯದವಳು ಎಂದೆ. ಸಂಜೆಯ ಹೊತ್ತಿಗೆ ಅವಳನ್ನು ಮಸ್ಕಿಗೆ ಒಯ್ದರು. ನಾನು ಮನೆಗೆ ಬಂದೆ. ಸ್ವಲ್ಪ ಹೊತ್ತಿಗೆ ಅವಳ ಅಣ್ಣನ ಫೋನು ಬಂತು. ನಮ್ಮವ್ವ ಹೇಳಿದ್ದಾಳೆ, ನಾಳೆ ಬರುವಾಗ ಹಸಿರು ಬಳೆ ತರಬೇಕಂತೆ ಎಂದ.

ಯಾವ ಸೈಜು ಎಂದು ನನಗೆ ಗೊತ್ತಿರಲಿಲ್ಲ. ರಸ್ತೆಯಲ್ಲಿ ಹೋಗುವ ಹೆಂಗಸಿನ ಕೈಯನ್ನು ದೂರದಿಂದ ನೋಡಿ ಸೈಜು ಹೇಳುವವಳು ನಾನು. ಹನ್ನೊಂದು ವರ್ಷ ಹಿಡಿದ ಕೈಯನ್ನು ಅಳೆದಿರಲಿಲ್ಲ. ಮೂರು ಸೈಜು ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿದೆ.

ಅವರದು ವಿಭೂತಿ ಧರಿಸುವ ಮನೆತನ. ಸತ್ತವರನ್ನು ಮಲಗಿಸುವುದಿಲ್ಲ. ಅವಳನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಳದಿ ಸೀರೆ ಉಡಿಸಿದ್ದರು. ಗಿಡ್ಡ ಕೂದಲಿಗೆ ಚೌರಿ ಕಟ್ಟಿ, ಉದ್ದ ಜಡೆ ಮಾಡಿ, ಎದೆಯ ಮೇಲೆ ಇಳಿಬಿಟ್ಟಿದ್ದರು. ಬಾಗಿಲಲ್ಲಿ ನಿಂತು ನೋಡಿದಾಗ ಅದು ಅವಳ ಮನೆಯೇ ಅಲ್ಲ ಎಂದು ಒಂದು ಕ್ಷಣ ಅನಿಸಿತು.

ಅವಳ ತಾಯಿ ನನ್ನ ಕೈ ಹಿಡಿದು ಎದುರಿಗೆ ಕೂಡಿಸಿದಳು. ಅಳುತ್ತಿರಲಿಲ್ಲ.

"ಇರೂತನಕ ನನ್ನ ಮಾತ ಕೇಳಲಿಲ್ಲ. ಹೋಗೂವಾಗರ ಹೆಣ್ಣಾಗಿ ಹೋಗ್ಲಿ. ನಿನ್ನ ಕೈಲೆ ಇಡಸು. ನಿನ್ನ ಮಾತ ಕೇಳ್ತಿದ್ಲು."

ನಾನು ಅನ್ನಬೇಕಾಗಿದ್ದುದು ಎರಡೇ ಮಾತು. ಆಕಿಗೆ ಬ್ಯಾಡ. ಅಷ್ಟು ಅಂದಿದ್ದರೆ, ನಿನಗೆ ಹೇಗೆ ಗೊತ್ತು, ನೀ ಯಾರು ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು. ಪಡಸಾಲೆ ತುಂಬ ಹೆಂಗಸರಿದ್ದರು. ಅರ್ಧದಷ್ಟು ಜನ ನನ್ನ ಗಿರಾಕಿಗಳು. ನಾನು ಬಳೆಯ ಗಂಟು ಬಿಚ್ಚಿದೆ.

ಗಿರಾಕಿಯ ಎದುರು ಕೂರುವ ಹಾಗೆಯೇ ಅವಳ ಎದುರು ಕೂತಿದ್ದೆ. ಬಲಗೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅಂಗೈಯಲ್ಲಿ ಸುಟ್ಟ ಗಾಯ ಕಪ್ಪಾಗಿತ್ತು. ಬೆರಳುಗಳು ಅರ್ಧ ಮುಷ್ಟಿಯಾಗಿ ಬಿಗಿದಿದ್ದವು, ಬಿಡಿಸಿದರೆ ಬಿಡಲಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿದೆ, ಬಿಗಿ ಕೈಗಳಿಗೆ ಹಾಗೆ ಮಾಡುತ್ತೇವೆ, ಬಳೆ ಅದರ ಮೇಲೆ ಜಾರುತ್ತದೆ. ಜಾರಲಿಲ್ಲ. ಹೆಬ್ಬೆರಳಿನ ಬುಡವನ್ನು ಒಳಗೆ ಒತ್ತಿದೆ. ಒತ್ತುತ್ತ ರೂಢಿಯ ಬಾಯಿಗೆ ಮಾತು ತಾನಾಗಿ ಬಂತು. "ನೋವಾತೇನ?" ಎಂದೆ.

ಅವಳ ಅತ್ತೆ, ಅಪ್ಪನ ತಂಗಿ, ಹಿಂದಿನಿಂದ ಹೇಳಿದಳು. "ಆಕಿಗೆಲ್ಲೀ ನೋವ. ಜೋರ್ ಒತ್ತು."

ಜೋರಾಗಿ ಒತ್ತಿದೆ. ಒಳಗೆ ಏನೋ ಲಟಕ್ಕೆಂದಿತು. ಎರಡು ಬಳೆ ಏರಿದವು, ಮೂರು ಒಡೆದವು. ಗಾಜು ತಗುಲಿ ನನ್ನ ಬೆರಳಿಗೆ ರಕ್ತ ಬಂತು. ಅವಳ ಕೈಯೂ ಸೀಳಿತ್ತು, ಅಲ್ಲಿಂದ ಏನೂ ಬರಲಿಲ್ಲ.

"ಸತ್ತ ಮ್ಯಾಲೂ ಹಟ ಬಿಡವಲ್ಲಳು ನೋಡ್ರಿ," ಎಂದು ಯಾರೋ ಅಂದರು. ಸೆರಗು ಬಾಯಿಗೆ ಹಿಡಿದು ಒಂದಿಬ್ಬರು ನಕ್ಕದ್ದು ಕೇಳಿಸಿತು.

ಎರಡು ಕೈಗೂ ಆರಾರು ಇಟ್ಟು ಎದ್ದೆ. ಎರಡು-ಆರರ ಸೈಜು. ಊರಿನ ಅರ್ಧ ಹೆಂಗಸರಿಗೆ ಅದೇ ಆಗುತ್ತದೆ, ಅಂಗಡಿಯಲ್ಲಿ ಅದರ ಡಬ್ಬಿಗಳೇ ಹೆಚ್ಚು. ತಾಯಿ ನನ್ನ ಬೆರಳಿಗೆ ಅರಿಶಿಣ ಒತ್ತಿ ಬಟ್ಟೆಯ ಚೂರು ಸುತ್ತಿದಳು. ಸುತ್ತುತ್ತ, ನನಗೊಬ್ಬಳಿಗೇ ಕೇಳುವ ಹಾಗೆ, "ನಿನ್ನ ಕೈಲೇನ ಆಗತೈತಂತ ಗೊತ್ತಿತ್ತು ನನಗ," ಎಂದಳು. ಅವಳಿಗೆ ಎಲ್ಲವೂ ಮೊದಲಿನಿಂದ ತಿಳಿದಿತ್ತು ಎಂದು ನನಗೆ ಅನಿಸಿದ್ದು ಆಗ. ಬಸ್ಸಿನಲ್ಲಿ ವಾಪಸ್ ಬರುವಾಗ ಅದು ಅನುಮಾನವಾಗಿ ಉಳಿದಿರಲಿಲ್ಲ.

ರಾಯಚೂರಿನಲ್ಲಿ ನನ್ನನ್ನು ಅಕ್ಕ ಎಂದು ತಿಳಿದಿದ್ದ ಹುಡುಗಿ ಆ ದಿನವೇ ಫೋನ್ ಮಾಡಿದಳು. ನಾವು ಆರು ಜನ ಬರುತ್ತೇವೆ, ನಿಮ್ಮ ಜೊತೆ ಕೂರುತ್ತೇವೆ ಎಂದಳು. ಬರಬೇಡಿ ಎಂದೆ. ನಿಮ್ಮ ಕೂದಲು, ನಿಮ್ಮ ಬಟ್ಟೆ ನೋಡಿದರೆ ಜನ ನನ್ನನ್ನು ಕೇಳುತ್ತಾರೆ ಎಂದೆ. ಆ ಹುಡುಗಿ ಫೋನ್ ಇಟ್ಟಳು. ಆಮೇಲೆ ಯಾರೂ ಮಾಡಿಲ್ಲ.

ಮರುದಿನ ಅಂಗಡಿ ತೆಗೆದೆ. ಹಬ್ಬದ ವ್ಯಾಪಾರ ಬಿಡಲಾಗದು ಎಂದು ಅವ್ವ ಹೇಳಿದಳು. ಸೀರೆ ಉಟ್ಟೆ, ಕುಂಕುಮ ಇಟ್ಟೆ, ಬಳೆಗಳೂ ಇದ್ದವು. ಹೂವು ಮುಡಿಯಲು ಆಗಲಿಲ್ಲ. ಇವತ್ತು ಜಡೆ ಯಾಕೆ ಬರಿದು ಎಂದು ಮೂವರು ಕೇಳಿದರು. ಹೂವಿನವಳು ಬಂದಿಲ್ಲ ಎಂದೆ. ನಾಲ್ಕನೆಯ ದಿನ ಮುಡಿದೆ.

ಹನ್ನೆರಡು ದಿನ ಕಳೆದ ಮೇಲೆ ಅವಳ ಅಣ್ಣ ಅಂಗಡಿಗೆ ಬಂದ. ಪೊಲೀಸರು ಅವಳ ಫೋನ್ ಕೊಟ್ಟಿದ್ದರು. ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಒಂದು ಚಂದದ ಫೋಟೋ ಬೇಕು, ಲಾಕ್ ತೆಗೆಯಲು ಬರುತ್ತಿಲ್ಲ, ನಿಮಗೆ ಗೊತ್ತಿದ್ದರೆ ತೆಗೆದುಕೊಡಿ ಎಂದ. ಒಳ್ಳೆಯ ಮನುಷ್ಯ. ಕೇಳುವಾಗ ಕಣ್ಣು ತುಂಬಿತ್ತು.

ಗೊತ್ತಿತ್ತು. ನಾಲ್ಕು ಚುಕ್ಕಿಗಳನ್ನು ಸೇರಿಸುವ ಸಣ್ಣ ಗೆರೆ, ಕತ್ತಲಲ್ಲಿಯೂ ಎಳೆಯಬಲ್ಲೆ. ನಮ್ಮ ಹನ್ನೊಂದು ವರ್ಷದ ಫೋಟೋಗಳೆಲ್ಲ ಅದರಲ್ಲಿದ್ದವು. ನನ್ನ ಫೋನನ್ನು ಮನೆಯಲ್ಲಿ ಎಲ್ಲರೂ ಮುಟ್ಟುತ್ತಾರೆಂದು ನಾನು ಒಂದನ್ನೂ ಇಟ್ಟುಕೊಂಡಿರಲಿಲ್ಲ. ಲಿಂಗಸುಗೂರಿನ ಕನ್ನಡಿಗಳ ಮುಂದೆ ತೆಗೆದವು, ನಾನು ಅವಳ ಅಂಗಿ ಹಾಕಿಕೊಂಡು ನಿಂತದ್ದು, ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದು. ಒಂದು ತೆಗೆದರೆ ಎಲ್ಲವನ್ನೂ ತೆಗೆದ ಹಾಗೆ. ಅವನು ಫೋನನ್ನು ಗಾಜಿನ ಮೇಲಿಟ್ಟು ನನ್ನ ಕಡೆ ಸರಿಸಿದ. ನಾನು ಕೈ ಮುಂದೆ ಮಾಡಲಿಲ್ಲ.

"ನನಗೇನ್ ಗೊತ್ರೀ," ಎಂದೆ.

ಪಾಪ, ನಿಮಗೆ ಹೇಗೆ ಗೊತ್ತಿರಬೇಕು ಎಂದು ಅವನೇ ಸಮಾಧಾನ ಹೇಳಿದ. ಮೊಬೈಲ್ ಅಂಗಡಿಯವನು ಎಲ್ಲವನ್ನೂ ಅಳಿಸಿ ಹೊಸದು ಮಾಡಿಕೊಡುತ್ತಾನಂತೆ, ಮಗಳು ಕಾಲೇಜಿಗೆ ಕೇಳುತ್ತಿದ್ದಾಳೆ ಎಂದ. ಹೋಗುವಾಗ ಮಗಳಿಗೆಂದು ಒಂದು ಡಜನ್ ಬಳೆ ಒಯ್ದ.

ಫ್ಲೆಕ್ಸನ್ನು ಮಸ್ಕಿಯ ಸರ್ಕಲ್ಲಿನಲ್ಲಿ ಕಟ್ಟಿದ್ದರು. ಆಧಾರ್ ಕಾರ್ಡಿನ ಮುಖವನ್ನು ಕತ್ತರಿಸಿ, ಯಾವಳದೋ ರೇಷ್ಮೆ ಸೀರೆಯ ಮೈಗೆ ಅಂಟಿಸಿದ್ದರು. ಹಣೆಗೆ ಕೆಂಪು ಬೊಟ್ಟು, ಹಿಂದೆ ಮೋಡ, ಎರಡು ಪಾರಿವಾಳ. ಸ್ಟಾಕು ತರಲು ಹೋಗುವಾಗ ಬಸ್ಸಿನ ಕಿಟಕಿಯಿಂದ ಎರಡು ಸಲ ನೋಡಿದೆ. ಮೂರನೆಯ ಸಲ ಅದರ ಮೇಲೆ ಬೇರೊಬ್ಬರ ಹುಟ್ಟುಹಬ್ಬದ್ದು ಬಂದಿತ್ತು.

ಅವಳ ಫೋಟೋ ನನ್ನ ಬಳಿ ಒಂದೂ ಇಲ್ಲ.