ಬೈಗುಳ ತನಗೆ, ಹೊಗಳಿಕೆ ಡಾಕ್ಟರಿಗೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ವೃದ್ಧಾಶ್ರಮದ ಬಚ್ಚಲಿನಲ್ಲಿ ಆಗಲೇ ಬೈಗುಳದ ಸುರಿಮಳೆ.

"ಮೆಲ್ಲಗೆ ಉಜ್ಜೇ! ಅದೇನು ಕೈಯೋ, ಕೊರಡೋ!"

ರೇಗುತ್ತಿರುವವರು ಕಣ್ಣು ಕಾಣದ ಅಜ್ಜಿ. ಬೈಸಿಕೊಳ್ಳುತ್ತಿರುವವರು ಆಯಮ್ಮ. ಈ ಸಾಲಿನ ಕೋಣೆಗಳ ಹದಿನಾಲ್ಕು ಜನರನ್ನು ಮೀಯಿಸಿ, ಉಡಿಸಿ, ಉಣಿಸುವುದು ಅವರೊಬ್ಬರೇ. ಮೊದಲು ಲಾಂಡ್ರಿಯಲ್ಲಿದ್ದರು. ಸೋಡಾಪುಡಿಯ ನೀರಿನಲ್ಲಿ ಕೈ ಒರಟಾದದ್ದು ಅಲ್ಲೇ.

ತಿಂಡಿಯಾಗುತ್ತಲೇ ಅಜ್ಜಿಯ ವರಸೆಯೇ ಬೇರೆ. ತಲೆ ಬಾಚಿಸಿಕೊಂಡು, ಒಳ್ಳೆಯ ಸ್ವೆಟರ್ ಕೇಳಿ ಹಾಕಿಸಿಕೊಂಡು ಡಾಕ್ಟರಿಗೆ ಕಾಯುತ್ತಾರೆ. ಡಾಕ್ಟರು ಬರುವುದು ವಿಡಿಯೊ ಕಾಲ್‌ನಲ್ಲಿ, ದೂರದ ಆಸ್ಪತ್ರೆಯಿಂದ. "ಹೊಟ್ಟೆ ನೋಡೋಣ ಅಜ್ಜಿ" ಎಂದು ಟ್ಯಾಬಿನೊಳಗಿಂದ ಅವರು ಅಂದಾಗ, ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಒತ್ತಿ ನೋಡುವುದು ಆಯಮ್ಮ. ಅಜ್ಜಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. "ಡಾಕ್ಟ್ರೇ, ನಿಮ್ಮ ಕೈ ಬಿದ್ರೆ ಸಾಕು, ಅರ್ಧ ನೋವು ಹೋಯ್ತು."

"ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ?" ಬಕೆಟ್ ತೊಳೆಯುತ್ತ ಆಯಮ್ಮ ಹೇಳುತ್ತಾರೆ. "ಅದೇ ಕೈ ಕಣ್ರೀ! ಬೆಳಗ್ಗೆ ಬೈಸಿಕೊಂಡಿದ್ದೂ ಇದೇ. ಕಷ್ಟ ನಂದು, ಹೆಸರು ಅವರದು. ಮಗನ ವಿಷ್ಯ, ಸೊಸೆ ವಿಷ್ಯ ಎಲ್ಲಾ ಅವರ ಹತ್ರಾನೇ ಹೇಳ್ಕೋತಾರೆ. ನನ್ನ ಹತ್ರ ಹೇಳೋದು ಒಂದೇ, ನೀರು ತಣ್ಣಗಿದೆ ಅಂತ."

ಹೋದ ವಾರ ಡಾಕ್ಟರು ಖುದ್ದಾಗಿ ಬಂದಿದ್ದರು. ಮಂಚದ ಪಕ್ಕ ಕೂತು ಅಜ್ಜಿಯ ಕೈ ಹಿಡಿದು ಹೇಗಿದ್ದೀರಿ ಎಂದು ಕೇಳಿದರು. ಅಜ್ಜಿ ಕೈ ಕೊಸರಿಕೊಂಡರು. "ಡಾಕ್ಟ್ರೇ, ಯಾರೋ ನನ್ನ ಕೈ ಹಿಡ್ಕೊಂಡಿದ್ದಾರೆ, ಬಿಡಿಸಿ! ಮೆತ್ತಗೆ, ತಣ್ಣಗೆ... ನಿಮ್ಮ ಕೈ ಎಲ್ಲಿ?"

ಡಾಕ್ಟರು ತೆಪ್ಪಗೆ ಸರಿದು ಆಯಮ್ಮನಿಗೆ ಜಾಗ ಬಿಟ್ಟರು. ಒರಟು ಕೈ ಸಿಕ್ಕಿದ್ದೇ ಅಜ್ಜಿಗೆ ಸಮಾಧಾನವಾಯಿತು.

"ಆಗ ಡಾಕ್ಟ್ರು ನನ್ನ ನೋಡಿದ್ರಲ್ಲ, ಆ ಮುಖ ನಂಗೆ ಚೆನ್ನಾಗಿ ಗೊತ್ತು. ಇಷ್ಟು ದಿನ ನಂದೂ ಅದೇ ಮುಖ" ಎಂದು ಆಯಮ್ಮ ನಗುತ್ತಾರೆ. ಒಳಗೊಳಗೇ ಹಿಗ್ಗಿದ್ದನ್ನು ಮುಚ್ಚಿಡುವುದೂ ಇಲ್ಲ.

ಹಾಗಾದರೆ ಅಜ್ಜಿಗೆ ನಿಜ ಹೇಳಬಹುದಲ್ಲ?

ಆಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. ನಗು ನಿಂತಿದೆ.

"ಡಾಕ್ಟ್ರ ಕೈ ಅಂತ ಬಿಡದೆ ಹಿಡ್ಕೋತಾರೆ. ನಂದು ಅಂತ ಗೊತ್ತಾಗಿ ಬಿಟ್ಟುಬಿಟ್ರೆ?"