ಪರದೆ ಒಡೆದ ಫೋನಿನೊಳಗಿನ ಹೆಸರುಗಳು

ಮಧುಸೂದನ್ ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ಅಟೆಂಡರ್. ತಾಲ್ಲೂಕಿನಲ್ಲಿ ಯಾರಿಗೇ ರಕ್ತ ಬೇಕಾದರೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಹಿಂದೆ ಅವರ ತಂಗಿ ಆಂಜಿನಮ್ಮನ ಹೆರಿಗೆಯಲ್ಲಿ ರಕ್ತ ಸಿಗದೆ ಪರದಾಡುವಾಗ, ಬೇರೆ ಯಾರನ್ನೋ ನೋಡಲು ಬಂದಿದ್ದ ಲಾರಿ ಡ್ರೈವರೊಬ್ಬ ರಕ್ತ ಕೊಟ್ಟು, ಹೆಸರೂ ಹೇಳದೆ ಹೋಗಿದ್ದ. ಅಂದಿನಿಂದ ಮಧುಸೂದನ್ ರಕ್ತ ಕೊಡುವವರ ನಂಬರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದರು. ಮೊಬೈಲ್ ಕೊಂಡ ಮೇಲೆ ಪುಸ್ತಕ ಬಿಟ್ಟರು. ಸಿಮ್ ತುಂಬಿದ್ದರಿಂದ ಹೆಚ್ಚಿನ ಹೆಸರುಗಳು ಫೋನಿನ ಒಳಗಿನ ಮೆಮೊರಿಯಲ್ಲೇ ಇದ್ದವು.

೨೦೦೮ರ ಒಂದು ಬೆಳಿಗ್ಗೆ ಗೌರಿಬಿದನೂರಿನ ಚನ್ನಕೇಶವ ಶಾಲೆಗೇ ಓಡಿಬಂದ. ಹೆಂಡತಿ ಸೌಜನ್ಯಳಿಗೆ ಮಧ್ಯಾಹ್ನ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲೇ ಸಿಸೇರಿಯನ್. ಅವಳದು ಓ ನೆಗೆಟಿವ್, ರಕ್ತನಿಧಿಯಲ್ಲಿ ಅದು ಇರಲಿಲ್ಲ.

"ಮಂಡಿಕಲ್ ಕಡೆ ಒಬ್ರು ಅವ್ರೆ, ಹೆಸರು ಹೊಳೀತಿಲ್ಲ" ಎಂದ ಮಧುಸೂದನ್ ಜೇಬಿನಿಂದ ಫೋನು ತೆಗೆದು ತೋರಿಸಿದರು. ಹಿಂದಿನ ದಿನ ಸ್ಕೂಟರಿನಿಂದ ಬಿದ್ದ ಫೋನಿನ ಪರದೆ ಪೂರ್ತಿ ಕಪ್ಪಾಗಿತ್ತು. ಕರೆ ಬಂದರೆ ಸದ್ದಾಗುತ್ತಿತ್ತು, ಅಷ್ಟೆ.

ಇಬ್ಬರೂ ಬಸ್ ಸ್ಟ್ಯಾಂಡ್ ಬಳಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ಸಂಘಮಿತ್ರಳ ಹತ್ತಿರ ಹೋದರು. ಅವಳು ಕೇಬಲ್ ಚುಚ್ಚಿದಳು. ಕಂಪ್ಯೂಟರಿನಲ್ಲಿ ಏನೂ ಬರಲಿಲ್ಲ.

"ಫೋನು ಈಗ ಪರದೆ ಮೇಲೆ ಏನೋ ಕೇಳ್ತಿರುತ್ತೆ ಅಣ್ಣ. ನಮಗೆ ಕಾಣ್ತಿಲ್ಲ" ಎಂದಳು.

ಅವಳದೂ ಅದೇ ಮಾದರಿಯ ಫೋನು. ಮೊದಲು ಅದನ್ನು ಜೋಡಿಸಿ ನೋಡಿದಳು. ಕಂಪ್ಯೂಟರಿಗೆ ಯಾವುದನ್ನು ತೋರಿಸಲಿ ಎಂದು ಪರದೆಯ ಮೇಲೆ ಮೂರು ಆಯ್ಕೆಗಳು ಬಂದವು. ಯಾವ ಗುಂಡಿಯನ್ನು ಎಷ್ಟು ಸಲ ಒತ್ತಬೇಕೆಂದು ಚೀಟಿಯಲ್ಲಿ ಗುರುತು ಹಾಕಿಕೊಂಡು, ಒಡೆದ ಫೋನಿನಲ್ಲೂ ಹಾಗೇ ಒತ್ತಿದಳು. ಒಂದು ಫೋಲ್ಡರ್ ತೆರೆದುಕೊಂಡಿತು. ಅದರಲ್ಲಿ ಬರೀ ಮದುವೆ ಫೋಟೋಗಳು, ಹಾಡುಗಳು.

"ಇದು ಮೆಮೊರಿ ಕಾರ್ಡು. ನಂಬರುಗಳು ಇನ್ನೂ ಒಳಗವೆ."

ಚನ್ನಕೇಶವ ಗೋಡೆಯ ಗಡಿಯಾರ ನೋಡಿದ. ಹತ್ತೂವರೆ.

ಸಂಘಮಿತ್ರ ಕೇಬಲ್ ಕಿತ್ತು ಮತ್ತೆ ಚುಚ್ಚಿ, ಈ ಸಲ ಎರಡನೆಯ ಆಯ್ಕೆಗೆ ಲೆಕ್ಕಹಾಕಿ ಒತ್ತಿದಳು. ಫೋನಿನ ಜೊತೆ ಬರುವ ಸಿ.ಡಿ.ಯಿಂದ ಹಾಕಿಕೊಂಡಿದ್ದ, ಫೋನಿನ ಒಳಗಿನ ಹೆಸರುಗಳನ್ನು ತೋರಿಸುವ ಸಾಫ್ಟ್‌ವೇರ್ ತೆರೆದಳು. ಸ್ವಲ್ಪ ಹೊತ್ತು ಪಟ್ಟಿ ಖಾಲಿ ಇತ್ತು. ಆಮೇಲೆ ಹೆಸರುಗಳು ಒಂದೊಂದಾಗಿ ಇಳಿದು ಬಂದವು. ಮಧುಸೂದನ್ ಕುರ್ಚಿ ಹಿಡಿದು ಬಗ್ಗಿದರು.

"ಅಲ್ಲೇ ನಿಲ್ಸಮ್ಮ. ಓ ನೆಗೆಟಿವ್, ಮಂಡಿಕಲ್, ನಲ್ಲಪ್ಪ. ಇವರೇ ಕಣಮ್ಮ."

ಅಂಗಡಿಯ ಫೋನಿನಿಂದಲೇ ಕರೆ ಮಾಡಿದರು. ಹೊಲದಲ್ಲಿದ್ದ ನಲ್ಲಪ್ಪ ಹೆಚ್ಚೇನೂ ಕೇಳಲಿಲ್ಲ. "ಕಾಲು ತೊಳ್ಕೊಂಡು ಬರ್ತೀನಿ ಸಾರ್" ಎಂದರು. ಹನ್ನೆರಡರ ಒಳಗೆ ಬೈಕಿನಲ್ಲಿ ಆಸ್ಪತ್ರೆಗೆ ಬಂದಿಳಿದರು, ರಕ್ತ ಕೊಟ್ಟರು.

ಮೂರು ಗಂಟೆಗೆ ನರ್ಸ್ ಹೊರಗೆ ಬಂದು ಹೆಣ್ಣು ಮಗುವೆಂದೂ ತಾಯಿ ಚೆನ್ನಾಗಿದ್ದಾಳೆಂದೂ ಹೇಳಿದಳು. ಚನ್ನಕೇಶವ ನಲ್ಲಪ್ಪನವರ ಎರಡೂ ಕೈ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತ. ಬೆಳಿಗ್ಗೆಯಿಂದ ನಿಂತೇ ಇದ್ದ ಮಧುಸೂದನ್ ಎದುರಿನ ಹೋಟೆಲಿಗೆ ಹೋಗಿ ಎರಡು ಪ್ಲೇಟು ಇಡ್ಲಿ ತಿಂದರು. ಮರಳಿ ಬಂದಾಗ ಸೌಜನ್ಯಳ ತಾಯಿ ವೆಂಕಟರತ್ನಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು, "ನೋಡಪ್ಪಾ, ಹೆಂಗೆ ನಿದ್ದೆ ಮಾಡ್ತಾಳೆ" ಎಂದು ಅವರ ಮುಂದೆ ಹಿಡಿದರು.