ಯಜಮಾನರ ಹೆಸರಲ್ಲಿ ತಟ್ಟೆಯಮ್ಮನ ಹಲ್ಲು

ಖಾಲಿ ತಟ್ಟೆಗೆ ಯಾರೂ ದುಡ್ಡು ಹಾಕುವುದಿಲ್ಲ ಎಂಬ ಮಹಾಸತ್ಯವನ್ನು ಕಂಡುಹಿಡಿದಾಕೆ ನಮ್ಮ ರಂಗಮಂದಿರದ ಹೆಂಗಸರ ಶೌಚಾಲಯದ ಬಾಗಿಲಲ್ಲಿ, ಬೆನ್ನು ಮುರಿದ ಕುರ್ಚಿಯ ಮೇಲೆ ಕೂತಿರುತ್ತಿದ್ದಳು. ಋಷಿಗಳಿಗೆ ಕಾಡಿನಲ್ಲಿ ಕಣ್ಣು ಮುಚ್ಚಿ ಕೂತರೂ ಸಿಗದಂಥ ಈ ಜ್ಞಾನ ಆಕೆಗೆ ಫಿನಾಯಿಲ್ ವಾಸನೆಯ ನಡುವೆ, ಕಣ್ಣು ಬಿಟ್ಟುಕೊಂಡೇ ಸಿಕ್ಕಿತ್ತು. ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ತಟ್ಟೆಯಮ್ಮ ಎಂದು. ನೆಲ ಒರೆಸುವುದು, ಸೋಪು ತುಂಬುವುದು, ಕೈ ಒರೆಸಲು ಕಾಗದ ಕೊಡುವುದು, ಗುಂಡಿ ಕಿತ್ತುಹೋದವರಿಗೆ ಸೇಫ್ಟಿ ಪಿನ್ ಹುಡುಕಿ ಕೊಡುವುದು, ತಾಯಿ ಒಳಗೆ ಹೋದಾಗ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವುದು ಆಕೆಯ ಕೆಲಸ. ಸಂಬಳ ಬಸ್ಸಿಗೆ ಸಾಲುತ್ತಿತ್ತು. ಮಿಕ್ಕ ಬದುಕೆಲ್ಲ ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆಯಿಂದ.

ಆ ತಟ್ಟೆಗೊಂದು ಶಾಸ್ತ್ರವಿತ್ತು. ಆಟ ಶುರುವಾಗುವ ಮುಂಚೆ ಆಕೆ ತನ್ನದೇ ಎರಡು ನಾಣ್ಯ, ತನ್ನದೇ ಒಂದು ದೊಡ್ಡ ನೋಟು ಇಟ್ಟುಕೊಳ್ಳುತ್ತಿದ್ದಳು. ಕನ್ನಡಿಯ ಮುಂದೆ ನಿಂತವರು ಓರೆಗಣ್ಣಿನಲ್ಲಿ ನೋಟು ನೋಡಿದರೆ, "ಈಗ ತಾನೇ ಮುಂದಿನ ಸಾಲಿನ ಅಮ್ಮ ಹಾಕಿ ಹೋದ್ರು" ಎನ್ನುತ್ತಿದ್ದಳು. ಮುಂದಿನ ಸಾಲಿನ ಅಮ್ಮ ಹಾಕಿದ ಮೇಲೆ ಹಿಂದಿನ ಸಾಲಿನ ಅಮ್ಮ ಬರಿಗೈಯಲ್ಲಿ ಹೋಗುವುದುಂಟೇ? ಒಮ್ಮೆಯಂತೂ ನ್ಯಾಯಾಧೀಶರ ಹೆಂಡತಿಗೆ, ಆಕೆ ಕೊಟ್ಟೇ ಇರದ ನೋಟಿಗಾಗಿ ಎಲ್ಲರೆದುರು ಕೈಮುಗಿದುಬಿಟ್ಟಳು. ಆ ಮಹಾತಾಯಿ ಕೆಂಪಾಗಿ ಹೋದರು. ಮುಂದಿನ ನಾಟಕಕ್ಕೆ ಬಂದಾಗ ನಿಜವಾಗಿಯೂ ಹಾಕಿದರು. "ಮುಂಗಡವಾಗಿ ಹೊಗಳಿಬಿಡಬೇಕು. ಆಮೇಲೆ ಅದನ್ನ ಅವರೇ ನಿಜ ಮಾಡ್ಕೋತಾರೆ" ಎಂಬುದು ಆಕೆಯ ಎರಡನೆಯ ಮಹಾಸತ್ಯ.

ಬಾಯಲ್ಲಿ ಉಳಿದಿದ್ದು ಮೂರು ಹಲ್ಲು. ಅವೂ ಒಂದರ ಮುಖ ಒಂದು ನೋಡದಂಥವು. ಮೇಲಿನ ಸಾಲು, ಕೆಳಗಿನ ಸಾಲು, ಎರಡನ್ನೂ ಗಟ್ಟಿಯಾಗಿ ಕೂರಿಸಿಕೊಡುವ ಹಲ್ಲಿನ ಡಾಕ್ಟರೊಬ್ಬರು ಹೇಳಿದ ಮೊತ್ತವನ್ನು ಆಕೆ ವರ್ಷಗಳಿಂದ ಕೂಡಿಸುತ್ತಿದ್ದಳು. ಶೌಚಾಲಯದ ಗೋಡೆಯಲ್ಲಿ ಕೈ ಒಣಗಿಸುವ ಯಂತ್ರವೊಂದು ಕೆಟ್ಟು ಕೂತಿತ್ತಲ್ಲ, ಅದರ ಹೊಟ್ಟೆಯೇ ಆಕೆಯ ಖಜಾನೆ. ಮನೆಯಲ್ಲಿ ಸೊಸೆ ಹೇಳುತ್ತಿದ್ದಳು: "ಅತ್ತೆ, ನಿಮಗೆ ಹಲ್ಲು ಬರೋದು ನಂಗೇನೋ ಸಂತೋಷವೇ. ಆದ್ರೆ ಈಗ ನೀವು ನನ್ನ ಸಾರಿನ ಬಗ್ಗೆ ಏನಂತೀರೋ ಅರ್ಧ ಅರ್ಥ ಆಗಲ್ಲ. ಅದೇ ಚೆನ್ನಾಗಿದೆ."

"ಅರ್ಥ ಆಗೋ ಅರ್ಧವೇ ಸಾಕು ಕಣೇ ನಿಂಗೆ" ಎನ್ನುತ್ತಿದ್ದಳು ಅತ್ತೆ.

ಹೀಗಿರುವಾಗ ಒಂದು ಮಧ್ಯಾಹ್ನ ತಾಲೀಮಿನ ಹೊತ್ತಿಗೆ ಶೌಚಾಲಯದ ಕನ್ನಡಿಗಳು ನಡುಗಿದವು. ವೇದಿಕೆಯ ಮೇಲೆ ದೀಪಗಳನ್ನು ತೂಗುಹಾಕುವ ಕಬ್ಬಿಣದ ತೊಲೆ ಹಗ್ಗ ಕಿತ್ತುಕೊಂಡು ಕೆಳಗೆ ಬಂದಿತ್ತು. ಅದರ ಕೆಳಗೆ ಇದ್ದವನು ಪರದೆಯಣ್ಣ. ಪರದೆ ಎಳೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹಗ್ಗ ಹಳತಾಯಿತು ಎಂದು ಹೇಳುವುದರಲ್ಲೂ ಮೀರಿಸಿದವರಿಲ್ಲ. ಹೇಳಿ ಹೇಳಿ ಅದು ಎಲ್ಲರ ಕಿವಿಗೂ ಒಂದು ತಮಾಷೆಯಾಗಿಹೋಗಿತ್ತು.

ವೇದಿಕೆಯ ಹಿಂದಿನ ಎರಡು ಕೋಣೆಗಳಲ್ಲಿ ಅವನ ಸಂಸಾರ. ಹೆಂಡತಿ ಓಡಿಬಂದು ತೊಲೆಯನ್ನು ಬರಿಗೈಯಲ್ಲಿ ಎತ್ತಲು ನೋಡಿದಳಂತೆ. ಆಮೇಲೆ ಯಾರೋ ಆಕೆಯನ್ನು ತಂದು ತಟ್ಟೆಯಮ್ಮನ ಹತ್ತಿರ ಬಿಟ್ಟರು. ತಟ್ಟೆಯಮ್ಮ ಆಕೆಯ ಎರಡೂ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ನೀರು ಕೆಂಪಾಗಿ ಹೋಗುತ್ತಿತ್ತು, ಹೋಗುತ್ತಲೇ ಇತ್ತು. ಪಕ್ಕದ ನಲ್ಲಿಯಲ್ಲಿ, ಗಲಾಟೆ ನೋಡಲು ಬೀದಿಯಿಂದ ಒಳಬಂದ ಹೆಂಗಸೊಬ್ಬಳು ಕೈ ತೊಳೆದು, ಕಾಗದದಲ್ಲಿ ಒರೆಸಿಕೊಂಡು, ತಟ್ಟೆಗೆ ನಾಣ್ಯ ಹಾಕಿ ಹೋದಳು. ಟಣ್ ಎಂದಿತು. ಆ ಸದ್ದು ಅಂದಿನಿಂದ ತಟ್ಟೆಯಮ್ಮನ ಕಿವಿಯಲ್ಲಿ ಕೂತುಬಿಟ್ಟಿತು.

ಪರದೆಯಣ್ಣ ಹೋಗಿಬಿಟ್ಟ. ಕೋಣೆಗಳು ಕೆಲಸದ ಜೊತೆ ಬಂದವು, ಕೆಲಸದ ಜೊತೆಗೇ ಹೋಗಬೇಕು. ತಿಂಗಳ ಕೊನೆಯೊಳಗೆ ಆ ತಾಯಿ ಎರಡು ಮಕ್ಕಳೊಂದಿಗೆ ಖಾಲಿ ಮಾಡಬೇಕು. ಬೇರೆ ಮನೆಗೆ ಮುಂಗಡ ಎಲ್ಲಿಂದ ತರುವುದು? ಟಿಕೆಟ್ ಕಿಟಕಿಯ ಗುಮಾಸ್ತ ತನ್ನ ಫೋನಿನಲ್ಲಿ ಸಹಾಯನಿಧಿಯ ಪುಟ ತೆರೆದ. ಎಂದೂ ಚಿಲ್ಲರೆ ಕೊಡದ ಕಾರಣಕ್ಕೆ 'ಚಿಲ್ಲರೆ' ಎಂದೇ ಹೆಸರಾದ ಆ ಮನುಷ್ಯ ಪುಟಕ್ಕೆ ಪರದೆಯಣ್ಣ ನಗುತ್ತಿರುವ ಪಟ ಹಾಕಿ, ಊರಿಗೆಲ್ಲ ಕಳಿಸಿ, ಕಾದ.

ಊರೂ ಕಾಯಿತು. ಎಂಥ ಶಿಸ್ತಿನ ಊರು ಅಂತೀರಿ. ನಟರೆಂದರು: "ರಂಗಮಂದಿರದ ಯಜಮಾನರು ಮೊದಲು ಕೊಡ್ಲಿ. ನಾವು ಅವರಿಗಿಂತ ಮುಂದೆ ಹೋದ್ರೆ ಅಧಿಕಪ್ರಸಂಗ ಆಗುತ್ತೆ." ನಾಯಕನ ಪಾತ್ರದವರೆಂದರು: "ನಾನು ಮೊದಲು ಕೊಟ್ರೆ ಪ್ರಚಾರಕ್ಕೆ ಅಂತಾರೆ." ಪ್ರೇಕ್ಷಕರೆಂದರು: "ಬಿದ್ದಿದ್ದು ಅವರ ತೊಲೆ, ಅವರು ಕೊಡ್ಲಿ." ಎಲ್ಲರೂ ದಾನಶೂರರೇ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಲು ತಯಾರಾಗಿ, ಗಂಟೆಯನ್ನು ಪಕ್ಕದವನ ಕೈಗೆ ದಾಟಿಸುತ್ತಿದ್ದವರು. ಯಜಮಾನರು ಮಾತ್ರ ಕೊಡಲಿಲ್ಲ.

ತಟ್ಟೆಯಮ್ಮ ದಿನಾ ಟಿಕೆಟ್ ಕಿಟಕಿಗೆ ಬಂದು ಕೇಳುತ್ತಿದ್ದಳು: "ಬಿತ್ತೇನೋ?"

"ನಾನು ಹಾಕಿದ್ದು, ಮೇಕಪ್ಪಿನವನು ಹಾಕಿದ್ದು. ಅಷ್ಟೇ ದೊಡ್ಡಮ್ಮ."

"ಖಾಲಿ ತಟ್ಟೆ ಅದು. ಹೆಂಗೆ ಬೀಳುತ್ತೆ" ಎಂದು ಆಕೆ ಒಳಗೆ ಹೋಗಿ, ಕೆಟ್ಟ ಯಂತ್ರದ ಹೊಟ್ಟೆ ಬಿಚ್ಚಿ, ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿ ತಂದು ಕಿಟಕಿಯ ತೂತಿನಿಂದ ಒಳಗೆ ತಳ್ಳಿದಳು.

ಚಿಲ್ಲರೆ ಗಂಟು ಬಿಚ್ಚಿ ನೋಡಿ ಕುರ್ಚಿಯಲ್ಲೇ ಹಿಂದೆ ಸರಿದ. "ಇದು ಹಲ್ಲಿಂದಲ್ವಾ?"

"ನಿಂಗ್ಯಾಕೆ. ಹೆಸರು ಹಾಕೋ ಜಾಗದಲ್ಲಿ 'ರಂಗಮಂದಿರದ ಯಜಮಾನರು' ಅಂತ ಬರಿ."

"ನನ್ನ ತಲೆ ಹೋಗುತ್ತೆ ದೊಡ್ಡಮ್ಮ."

"ಅದರಲ್ಲಿ ಇರೋದು ಕೂದಲು ಮಾತ್ರ, ಹೋಗ್ಲಿ ಬಿಡು. ಊರೆಲ್ಲ ಕಾಯ್ತಾ ಇರೋದು ಅವರಿಗೆ ತಾನೇ? ಅವರು ಹಾಕಿದಾರೆ ಅಂತ ಕಂಡ್ರೆ ಮಿಕ್ಕವರು ಹಾಕ್ತಾರೆ. ಊರೆಲ್ಲ ಹೊಗಳಿದ ಮೇಲೆ ಅವರೂ ನಿಜವಾಗಿ ಹಾಕ್ತಾರೆ. ಬರಿ."

ಅವನು ಬರೆದ. ಒಂದು ಗಳಿಗೆಯವರೆಗೆ ತಟ್ಟೆಶಾಸ್ತ್ರ ಜಯಭೇರಿ ಹೊಡೆಯಿತು. 'ಧಣಿ ಅಂದ್ರೆ ಇವರು', 'ಕಲಾಪೋಷಕರಿಗೆ ನಮಸ್ಕಾರ' ಎಂಬ ಕಮೆಂಟುಗಳು ಬಿದ್ದವು. ನಟರು ಹಾಕಿದರು, ಹಿಂದಿನ ಸಾಲಿನವರು ಹಾಕಿದರು. ಚಿಲ್ಲರೆ ಫೋನನ್ನು ಕಿಟಕಿಗೆ ಒರಗಿಸಿಟ್ಟ. ತಟ್ಟೆಯಮ್ಮ ಮೂರೂ ಹಲ್ಲು ಬಿಟ್ಟು ನಕ್ಕಳು.

ಆಮೇಲೆ ಯಾರೋ ಒಬ್ಬ ಪುಣ್ಯಾತ್ಮ ಬರೆದ: 'ಇಷ್ಟೇನಾ?'

ಅಣೆಕಟ್ಟಿನ ಒಂದು ಇಟ್ಟಿಗೆ ಸರಿದರೆ ಸಾಕಲ್ಲ. 'ಜುಜುಬಿ', 'ಅವರ ಕಾರಿನ ಒಂದು ಚಕ್ರದ ಬೆಲೆಯೂ ಅಲ್ಲ', 'ಒಂದು ಜೀವಕ್ಕೆ ಇಷ್ಟು ಬೆಲೆ ಕಟ್ಟಿದಾರೆ ನೋಡಿ' ಎಂದು ಬೈಗುಳ ಧುಮ್ಮಿಕ್ಕಿತು. 'ಈ ದುಡ್ಡು ಅವರಿಗೆ ಹಲ್ಲುಕಡ್ಡಿ ಖರ್ಚು' ಎಂದು ಇನ್ನೊಬ್ಬ ಬರೆದದ್ದನ್ನು ಚಿಲ್ಲರೆ ಓದಿ ಹೇಳಿದಾಗ ತಟ್ಟೆಯಮ್ಮ ಗೋಡೆ ಹಿಡಿದುಕೊಂಡಳು.

"ಹಲ್ಲುಕಡ್ಡಿನಾ?"

"ಹಂಗಂತ ಬರ್ದಿದಾನೆ."

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದರೂ ಹಲ್ಲುಕಡ್ಡಿಯೇ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ ಹಿರಿಯರು. ಎಮ್ಮೆ ಹೋಗಲಿ, ದಾನ ಕೊಟ್ಟವಳ ಹಲ್ಲನ್ನೇ ಊರು ಎಣಿಸಿ, ಸಾಲದು ಎಂದು ಉಗಿದಿತ್ತು. ತಟ್ಟೆಯಲ್ಲಿ ದೊಡ್ಡ ನೋಟು ಯಾರು ಹಾಕಿದರೂ ದೊಡ್ಡದೇ. ಇಲ್ಲಿ ಮೊದಲು ಜೇಬು ನೋಡಿ, ಆಮೇಲೆ ನೋಟು ಅಳೆಯುತ್ತಾರೆ. ಇದು ಆಕೆಗೆ ತಿಳಿದಿರಲಿಲ್ಲ. ಅದಕ್ಕಿಂತ ಘೋರವೆಂದರೆ ಬೀಳುತ್ತಿದ್ದ ದುಡ್ಡೂ ನಿಂತುಹೋಯಿತು. 'ಮಿಕ್ಕಿದ್ದನ್ನ ಯಜಮಾನರೇ ತುಂಬಲಿ' ಎಂದು ಊರು ಕೈ ಕಟ್ಟಿ ಕೂತಿತು. ತಿಂಗಳು ಮುಗಿಯುತ್ತ ಬಂದಿತ್ತು.

ಮರುದಿನ ಯಜಮಾನರು ಬಂದರು. ಜೊತೆಗೆ ವಕೀಲರು. ಕೆಲಸದವರನ್ನೆಲ್ಲ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿದರು. ತೊಲೆ ಬಿದ್ದ ಜಾಗದಲ್ಲಿ ಹಲಗೆ ಇನ್ನೂ ಕುಳಿಬಿದ್ದೇ ಇತ್ತು. ಎಲ್ಲರೂ ಅದನ್ನು ಬಿಟ್ಟು ನಿಂತರು.

"ಕೊಡಲಿಲ್ಲ ಅಂತ ಬೈಸ್ಕೊಳೋದು ನಂಗೆ ಅಭ್ಯಾಸ ಇದೆ" ಎಂದರು ಯಜಮಾನರು. ದನಿ ಮೆತ್ತಗಿತ್ತು. "ಒಂದು ಕಾಸೂ ಕೊಡದೆ, ಕಡಿಮೆ ಕೊಟ್ಟೆ ಅಂತ ಬೈಸ್ಕೊಳ್ತಿರೋದು ಇದೇ ಮೊದಲು. ನನ್ನ ಹೆಸರಲ್ಲಿ ಕೊಟ್ಟ ಧರ್ಮಾತ್ಮ ಯಾರು?"

ವಕೀಲರು ಗಂಟಲು ಸರಿಮಾಡಿಕೊಂಡರು. "ಹೆಸರು ಸುಳ್ಳು ಅಂತ ದೂರು ಕೊಡೋಣ. ಆ ಪುಟವನ್ನೇ ಮುಚ್ಚಿಸ್ತಾರೆ."

"ಮುಚ್ಚಿದ್ರೆ ಬಂದಿರೋ ದುಡ್ಡು?" ಎಂದ ಚಿಲ್ಲರೆ.

"ಎಲ್ಲಿಂದ ಬಂತೋ ಅಲ್ಲಿಗೆ ವಾಪಸ್."

ಪರದೆಯ ಮರೆಯಲ್ಲಿ ಆ ತಾಯಿ ಮಕ್ಕಳ ಕೈ ಹಿಡಿದು ನಿಂತಿದ್ದಳು. ತಟ್ಟೆಯಮ್ಮ ಸಾಲಿನಿಂದ ಮುಂದೆ ಬಂದಳು. "ನಾನೇ ಕೊಟ್ಟಿದ್ದು."

"ಯಾರ ದುಡ್ಡು?"

"ನನ್ನ ಹಲ್ಲಿಂದು" ಎಂದು ಬಾಯಿ ತೆರೆದು ಪುರಾವೆಯನ್ನೂ ತೋರಿಸಿದಳು.

ಯಜಮಾನರು ಆ ಪುರಾವೆಯನ್ನು ಬಹಳ ಹೊತ್ತು ನೋಡಿದರು. ಅತ್ತ ದರಿ, ಇತ್ತ ಹುಲಿ. ದುಡ್ಡು ನನ್ನದು ಎಂದರೆ ಜುಜುಬಿ ಮನುಷ್ಯ. ನನ್ನದಲ್ಲ ಎಂದರೆ, ಶೌಚಾಲಯದ ಮುದುಕಿ ಹಲ್ಲು ಕೊಟ್ಟಾಗಲೂ ಬಾಯಿ ಮುಚ್ಚಿಕೊಂಡಿದ್ದ ಮನುಷ್ಯ.

"ಒಂದು ದಾರಿ ಇದೆ" ಎಂದು ವಕೀಲರು ಪಿಸುಗುಟ್ಟಿದ್ದು, ದನಿ ಚೆನ್ನಾಗಿ ಹರಡಲೆಂದೇ ಕಟ್ಟಿದ ಆ ವೇದಿಕೆಯಲ್ಲಿ, ಕೊನೆಯ ಸಾಲಿಗೂ ಕೇಳಿಸಿತು. "ದೊಡ್ಡ ಮೊತ್ತ ಕೊಟ್ರೆ ತಪ್ಪು ಒಪ್ಪಿಕೊಂಡ ಹಾಗೆ. ಚಿಕ್ಕ ಮೊತ್ತ ಬರೀ ಮಾನವೀಯತೆ. ಇದು ಚಿಕ್ಕದು. ನಿಮ್ಮದೇ ಅಂತ ಇಟ್ಕೊಳಿ."

ಯಜಮಾನರು ಆಕೆ ಹಲ್ಲಿಗೆಂದು ಕೂಡಿಟ್ಟಿದ್ದಷ್ಟೇ ಮೊತ್ತವನ್ನು ಎಣಿಸಿ ಆಕೆಯ ಕೈಯಲ್ಲಿಟ್ಟರು. "ಈಗ ಅದು ನಂದು. ಇನ್ಮೇಲೆ ನನ್ನ ಹೆಸರು ಮುಟ್ಟಬೇಡ. ನಿನ್ನ ಹೆಸರಲ್ಲಿ ಏನು ಬೇಕಾದ್ರೂ ಮಾಡ್ಕೋ."

ಮನೆಯಲ್ಲಿ ಸೊಸೆ ಕಥೆ ಕೇಳಿ, ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, ನೆಲದ ಮೇಲೆ ಕೂತಳು. "ಹೋದ ಹಲ್ಲು ವಾಪಸ್ ಬಂದಿದ್ದು ಜಗತ್ತಲ್ಲಿ ನಿಮಗೊಬ್ಬರಿಗೇ ಅತ್ತೆ. ನಾಳೆನೇ ಡಾಕ್ಟರ ಹತ್ರ ಹೋಗೋಣ."

"ಕೊಟ್ಟಿದ್ದು ವಾಪಸ್ ಬಂದ್ರೆ ಅದು ನಂದು ಹೆಂಗಾಗುತ್ತೆ?"

"ನಿಮ್ಮ ದವಡೆಯಾಣೆ, ಮತ್ತೆ ಅಲ್ಲಿಗೆ ಹಾಕಬೇಡಿ."

"ಆ ಹುಡುಗಿ ಕೈ ತೊಳೆದವಳು ನಾನು ಕಣೇ" ಎಂದಳು ತಟ್ಟೆಯಮ್ಮ. ಸೊಸೆ ಎದ್ದು ಮತ್ತೆ ಪಾತ್ರೆಗೆ ಕೈಹಾಕಿದಳು.

ಬೆಳಗ್ಗೆ ಗಂಟು ಮತ್ತೆ ಟಿಕೆಟ್ ಕಿಟಕಿಗೆ ಹೋಯಿತು. ಈ ಸಲ ಚಿಲ್ಲರೆ, ಯಜಮಾನರ ಅಪ್ಪಣೆಯಂತೆಯೇ, ಬರೆದ: 'ರಂಗಮಂದಿರದ ಶೌಚಾಲಯದ ತಟ್ಟೆಯಮ್ಮ.'

ಅದೇ ಮೊತ್ತ. ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಊರು ಬೆಚ್ಚಿಬಿತ್ತು. 'ಶೌಚಾಲಯದವಳ ಹತ್ರ ಇಷ್ಟೊಂದು ದುಡ್ಡು ಎಲ್ಲಿಂದ ಬಂತು?', 'ತನಿಖೆ ಆಗಲಿ', 'ಯಜಮಾನರು ಕಪ್ಪು ಹಣ ತೊಳೀತಾ ಇದಾರೆ, ಜಾಗ ನೋಡಿ ಆರಿಸಿದಾರೆ'. ನಿನ್ನೆ ಹಲ್ಲುಕಡ್ಡಿಯಾಗಿದ್ದದ್ದು ಇವತ್ತು ನಿಧಿಯಾಗಿತ್ತು.

"ದೊಡ್ಡಮ್ಮ, ಈ ಮೊತ್ತಕ್ಕೆ ಸರಿಯಾಗಿ ಹೊಂದೋ ಹೆಸರು ಯಾರದು ಅಂತೀರಿ?" ಎಂದ ಚಿಲ್ಲರೆ, ತಲೆ ಮೇಲೆ ಕೈ ಹೊತ್ತು.

"ಹಲ್ಲಿನ ಡಾಕ್ಟರದು" ಎಂದಳು ಆಕೆ.

ಅಷ್ಟರಲ್ಲಿ ಯಾರೋ ತರಲೆ ಆ ಎರಡು ಸಾಲುಗಳ ಪಟ ತೆಗೆದು ಊರಿಗೆಲ್ಲ ಹಂಚಿದ. ಮೇಲೆ ಯಜಮಾನರು, ಕೆಳಗೆ ತಟ್ಟೆಯಮ್ಮ, ಇಬ್ಬರ ಮುಂದೆಯೂ ಒಂದೇ ಅಂಕಿ. ಯಜಮಾನರು ಜುಜುಬಿ ಎನ್ನಿಸಿಕೊಂಡು ಉಂಡಿದ್ದರು, ಮಲಗಿದ್ದರು. ಪರದೆಯಣ್ಣನ ಸಾವಿಗೂ ಅವರ ನಿದ್ದೆ ಕೆಟ್ಟಿರಲಿಲ್ಲ. ಆದರೆ ಗೆಳೆಯರ ಕೂಟದಲ್ಲಿ ಒಬ್ಬರು, "ಏನ್ರೀ, ನೀವೂ ನಿಮ್ಮ ಶೌಚಾಲಯದಾಕೆಯೂ ಸರಿಸಮ ಅಂತೆ" ಎಂದು ಬೆನ್ನು ತಟ್ಟಿದ್ದನ್ನು ಮಾತ್ರ ಆ ಮಹಾನುಭಾವರಿಗೆ ತಡೆದುಕೊಳ್ಳಲಾಗಲಿಲ್ಲ. ಜಿಪುಣ ಎನ್ನಿ, ಕಟುಕ ಎನ್ನಿ, ಪರವಾಗಿಲ್ಲ. ಸರಿಸಮ ಎಂದರೇನು?

ಮರುಬೆಳಗ್ಗೆ ಪುಟದಲ್ಲಿ ಮೂರನೆಯ ಸಾಲು ಕಾಣಿಸಿತು. ಯಜಮಾನರ ಪೂರ್ತಿ ಹೆಸರು, ತಂದೆಯ ಹೆಸರು, ಬಿರುದು, ಮುಂದೆ ಒಂದು ಅಂಕಿ. ಅದರ ಸೊನ್ನೆಗಳನ್ನು ಚಿಲ್ಲರೆ ಬೆರಳಿಟ್ಟು ಎರಡು ಸಲ ಎಣಿಸಬೇಕಾಯಿತು. ವಕೀಲರಿಗೆ ಜ್ವರ ಬಂತು ಎಂದು ಸುದ್ದಿ. ತಿಂಗಳು ಮುಗಿಯುವ ಮುಂಚೆ ಪರದೆಯಣ್ಣನ ಹೆಂಡತಿ ಶಾಲೆಯ ಎದುರಿನ ಬೀದಿಯಲ್ಲಿ ಎರಡು ಕೋಣೆ ಹಿಡಿದಳು. ಹೋಗುವ ದಿನ ಶೌಚಾಲಯಕ್ಕೆ ಬಂದು ಅದೇ ನಲ್ಲಿಯಲ್ಲಿ ಮುಖ ತೊಳೆದಳು. ತಟ್ಟೆಯಮ್ಮ ಕಾಗದ ಕೊಟ್ಟಳು.

ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯಂತಿದ್ದ ತಟ್ಟೆಯಮ್ಮನ ಬಳಿ ಈಗ ಎರಡೂ ಇಲ್ಲ. ಕೆಟ್ಟ ಯಂತ್ರದ ಹೊಟ್ಟೆಯನ್ನು ಮೊದಲಿನಿಂದ ತುಂಬಬೇಕು. ಮುಂದಿನ ನಾಟಕದ ದಿನ ಆಕೆ ಎರಡು ನಾಣ್ಯ, ಸೊಸೆಯಿಂದ ಕೈಗಡ ತಂದ ಒಂದು ನೋಟು ಇಟ್ಟು ಕೂತಳು. ಮುಂದಿನ ಸಾಲಿನವರು ಬಂದರು, ಕೈ ತೊಳೆದರು, ಕನ್ನಡಿಯಲ್ಲಿ ಆಕೆಯನ್ನೇ ನೋಡಿದರು. "ನಿಮಗೇನಮ್ಮ, ಯಜಮಾನರ ಸಮಕ್ಕೆ ಕೊಟ್ಟವರು" ಎಂದು ಗೌರವದಿಂದ ಕೈಮುಗಿದು, ಏನೂ ಹಾಕದೆ ಹೋದರು. ಹಿಂದಿನ ಸಾಲಿನವರು ಮುಂದಿನ ಸಾಲಿನವರನ್ನು ನೋಡಿ ತಾವೂ ಕೈಮುಗಿದರು. ನಾಟಕ ಮುಗಿಯುವವರೆಗೂ ತಟ್ಟೆಯಲ್ಲಿ ಆಕೆಯದೇ ನಾಣ್ಯ, ಆಕೆಯದೇ ನೋಟು.

ಕೊನೆಗೆ ಬಂದವರು ಯಾವುದೋ ಸಂಘದ ಇಬ್ಬರು ಹೆಂಗಸರು. ಊರಾಚೆ ಗೋದಾಮೊಂದು ಸುಟ್ಟಿತ್ತಂತೆ. ನೊಂದವರಿಗೆ ಚಂದಾ ಎತ್ತುತ್ತಿದ್ದರು.

"ಅಮ್ಮಾ, ಇನ್ನೂ ಯಾರೂ ಹಾಕಿಲ್ಲ" ಎಂದಳು ಒಬ್ಬಳು, ರಸೀದಿ ಪುಸ್ತಕ ಬಿಚ್ಚುತ್ತ. "ಎಲ್ಲರೂ ನಿಮ್ಮನ್ನೇ ಕಾಯ್ತಿದಾರೆ. ನೀವು ಮೊದಲು ಹಾಕಿದ್ರೆ ಮಿಕ್ಕವರು ಹಾಕ್ತಾರೆ."

ತಟ್ಟೆಯಮ್ಮ ಖಾಲಿ ರಸೀದಿ ಪುಸ್ತಕ ನೋಡಿದಳು. ಹೊಗಳಿಕೆಯ ಆ ಉರುಳು ಯಾರು ಹೆಣೆದದ್ದೆಂದು ಆಕೆಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ತಟ್ಟೆಯಿಂದ ಒಂದು ನಾಣ್ಯ ತೆಗೆದು ಅವರ ಡಬ್ಬಿಗೆ ಹಾಕಿದಳು.

ಟಣ್ ಎಂದಿತು.

ಹೆಂಗಸರಿಬ್ಬರೂ ಡಬ್ಬಿಯೊಳಗೆ ಇಣುಕಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಷ್ಟೇನಾ?" ಎಂದಳು ಇನ್ನೊಬ್ಬಳು.